ಉಳಿದ ರಕ್ತ ಯಾರದು?

ಗುಂಡ್ಲುಪೇಟೆ ಬಿಟ್ಟು ಬಂಡೀಪುರದ ಕಾಡು ದಾಟಿದರೆ ನೀಲಗಿರಿ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಭಾರತದಲ್ಲೂ ಇದೆ ಎಂದ ಮೊದಮೊದಲ ವರದಿಗಳಲ್ಲೊಂದು ಹುಟ್ಟಿದ್ದು ಅಲ್ಲಿನ ಬುಡಕಟ್ಟು ಜನರ ರಕ್ತದಿಂದ. ಲೆಹ್ಮನ್ ಮತ್ತು ಕಟ್‌ಬುಷ್ ಅದನ್ನು 1952ರಲ್ಲಿ ಪ್ರಕಟಿಸಿದರು. ರಕ್ತ ಕೊಟ್ಟವರಿಗೆ ಏನು ಹೇಳಬೇಕು, ಉಳಿದದ್ದನ್ನು ಏನು ಮಾಡಬೇಕು ಎಂಬ ನಿಯಮಾವಳಿ ಆಗ ದೇಶದಲ್ಲಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಂಶೋಧನೆಯ ನೈತಿಕತೆ ಕುರಿತು ಮೊದಲ ನೀತಿ ಹೇಳಿಕೆ ತಂದದ್ದು 1980ರಲ್ಲಿ. ಮರುವರ್ಷ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಸಿಕಲ್ ಸೆಲ್ ಪತ್ತೆ, ಚಿಕಿತ್ಸೆ ಎರಡೂ ಅಲ್ಲಿನ ಕೆಲಸವಾದವು. ರಕ್ತ ತೆಗೆದವರೇ ಮದ್ದನ್ನೂ ಕೊಡುವಾಗ ಒಪ್ಪಿಗೆಯ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಅದೇ ರಕ್ತ ಬೆಟ್ಟ ಇಳಿದು ಯಾವುದೋ ಫ್ರೀಜರ್ ಸೇರಿದರೆ ಕಾಡುತ್ತದೆ.

ಅಮೆರಿಕದ ಅರಿಜೋನಾದಲ್ಲಿ ಹಾಗೇ ಆಯಿತು. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಹವಸುಪಾಯ್ ಬುಡಕಟ್ಟಿನವರು ಕೊಟ್ಟ ರಕ್ತವನ್ನು ಸ್ಕಿಜೋಫ್ರೇನಿಯಾ, ವಲಸೆಯ ಇತಿಹಾಸ ಮುಂತಾದ ಸಂಶೋಧನೆಗಳಿಗೂ ಬಳಸಲಾಯಿತು. ಜನ ಕೋರ್ಟಿಗೆ ಹೋದರು. 2010ರಲ್ಲಿ, ರಕ್ತ ಸಂಗ್ರಹಿಸಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ಮಾದರಿಗಳನ್ನೂ ಹಿಂದಿರುಗಿಸಿತು.

ನಮ್ಮಲ್ಲಿ ಇಂಥ ಸಂಗ್ರಹಗಳು ಬೆಂಗಳೂರಿನಲ್ಲೂ ಬೆಳೆದವು. ನಿಮ್ಹಾನ್ಸ್‌ನ ಮೆದುಳು ಬ್ಯಾಂಕ್ 1995ರಿಂದ ಇದೆ; ಮೃತರ ಮನೆಯವರ ಒಪ್ಪಿಗೆಯ ಮೇಲೆ ನಡೆಯುವ ಸಂಸ್ಥೆ ಅದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ 2020ರಿಂದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿತು. ಹತ್ತಾರು ಸಮುದಾಯಗಳ ಸುಮಾರು 10 ಸಾವಿರ ಜನರ ಪೂರ್ಣ ಜೀನೋಮ್ ಮಾಹಿತಿ ಈಗ ಫರೀದಾಬಾದಿನ ದತ್ತಾಂಶ ಕೇಂದ್ರದಲ್ಲಿದೆ. 2025ರ ಜನವರಿಯಿಂದ ಸಂಶೋಧಕರು ಅರ್ಜಿ ಹಾಕಿ ಅದನ್ನು ಪಡೆಯಬಹುದು.

ನಿಯಮಗಳು ಗಟ್ಟಿಯಾದ ವರ್ಷ 2017. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 24ರಂದು ತೀರ್ಪಿತ್ತಿತು. ಅದೇ ವರ್ಷ ಬಂದ ವೈದ್ಯಕೀಯ ಸಂಶೋಧನಾ ಮಂಡಳಿಯ ಹೊಸ ಮಾರ್ಗಸೂಚಿಯಲ್ಲಿ ಮಾದರಿ ಮತ್ತು ದತ್ತಾಂಶ ಸಂಗ್ರಹಕ್ಕೇ ಒಂದು ಅಧ್ಯಾಯ. ಬುಡಕಟ್ಟಿನವರ ಮೇಲೆ ಸಂಶೋಧನೆ ನಡೆದರೆ ಲಾಭ ಅವರಿಗೇ ತಲುಪಬೇಕು ಎಂದೂ ಅದು ಹೇಳುತ್ತದೆ. 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆ ಮಾತ್ರ ಸಂಶೋಧನೆಗೆ ಷರತ್ತಿನ ವಿನಾಯಿತಿ ಕೊಟ್ಟಿತು. ಅಲ್ಲದೆ ಅದು ಕಾಯುವುದು ಮಾಹಿತಿಯನ್ನು, ಸೀಸೆಯೊಳಗಿನ ರಕ್ತವನ್ನಲ್ಲ.

ಈ ನಿಯಮಗಳು ಹೆಚ್ಚಾಗಿ ಒಬ್ಬೊಬ್ಬ ವ್ಯಕ್ತಿಯನ್ನು ನೋಡುತ್ತವೆ. ಹೆಸರು ತೆಗೆದರೆ ಗುಟ್ಟು ಉಳಿಯಿತು ಎಂಬ ಲೆಕ್ಕ ಬೆಂಗಳೂರಿನವರಿಗೆ ಸರಿ. ಕೆಲವೇ ಮನೆಗಳ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಆಗದು. ಪೋಡಿನ ಹೆಸರು, ಕಾಯಿಲೆ, ವಯಸ್ಸು ಅಚ್ಚಾದರೆ ಯಾರೆಂದು ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ, ಮದುವೆ ಮಾತುಕತೆಗೂ ಮುಟ್ಟುತ್ತದೆ. ವಿಚಿತ್ರವೆಂದರೆ, ಇದೇ ಸೋಲಿಗರಿಗೆ 2011ರಲ್ಲಿ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿಯ ವಿಚಾರ ಗ್ರಾಮಸಭೆಗೆ ಬರುತ್ತದೆ. ರಕ್ತದ ವಿಚಾರಕ್ಕೆ ಅಂಥ ಕಾನೂನಿಲ್ಲ. ಒಬ್ಬೊಬ್ಬರ ಒಪ್ಪಿಗೆಯ ಜೊತೆಗೆ ಪೋಡಿನ ಮಾತನ್ನೂ ಕಡ್ಡಾಯವಾಗಿ ಕೇಳುವುದು ನ್ಯಾಯ.

2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಹೊತ್ತಿದೆ, ಆದ್ದರಿಂದ ಪ್ರಶ್ನೆ ಇನ್ನೂ ದೊಡ್ಡದಾಗಲಿದೆ. ಸಂಶೋಧನೆಗೆಂದು ಯಾರಾದರೂ ರಕ್ತ ಕೇಳಿದರೆ, ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಊರಿನವರೂ ಕೇಳಬಹುದು, ಪೋಡಿನವರೂ ಕೇಳಬಹುದು. ಬೇಡವೆನಿಸಿದರೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. 2017ರ ಮಾರ್ಗಸೂಚಿಯಂತೆ ಆ ಅವಕಾಶ, ಮಾದರಿಯಿಂದ ಹೆಸರಿನ ಗುರುತು ಪೂರ್ತಿ ಅಳಿಯುವ ತನಕ ಇರುತ್ತದೆ.