ಆಗಸದಲ್ಲಿ ವಿದ್ಯುದ್ಭಂಗ: ವಿಮಾನ ಸಿಬ್ಬಂದಿಯ ನಿರ್ಣಯದ ಚರಿತ್ರೆ

ಮುಧೋಳ ಸೀಮೆಯ ಬೆಳಗಲಿಯು ಯಾವ ಕವಿಯ ಹೆಸರನ್ನು ತನ್ನ ಹೆಸರಿಗೆ ಕೂಡಿಸಿಕೊಂಡಿರುವುದೋ ಆ ರನ್ನನು ಗದಾಯುದ್ಧವನ್ನು ಭಾರತಕಥೆಯ ಆದಿಯಿಂದ ತೊಡಗದೆ, ಭೀಮ ದುರ್ಯೋಧನರ ಕಡೆಯ ಕಾಳಗವನ್ನು ಮುಂದಿಟ್ಟುಕೊಂಡು, ಸಿಂಹಾವಲೋಕನ ಕ್ರಮದಿಂದ ಹಿಂದಣ ವೃತ್ತಾಂತವನ್ನೆಲ್ಲ ಕಾಣಿಸಿದನು. ವಿಮಾನಾಪಘಾತಗಳ ವಿಚಾರಣೆಯೂ ಇದೇ ಕ್ರಮದಲ್ಲಿ ಭಗ್ನಾವಶೇಷದಿಂದ ಹೊರಟು ಮೊದಲು ತಪ್ಪಿದ ಹೆಜ್ಜೆಯವರೆಗೆ ಹಿಂದೆ ಸರಿಯುತ್ತದೆ. ಹಾರಾಟದ ನಡುವೆ ವಿದ್ಯುಚ್ಛಕ್ತಿಯು ಕೈಕೊಟ್ಟ ಕೆಲವು ಪ್ರಸಂಗಗಳನ್ನು ಹೀಗೆ ಹಿಂದಿರುಗಿ ನೋಡಿ, ಅವುಗಳಲ್ಲಿ ಯಂತ್ರದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ವಿಮಾನದ ವಿದ್ಯುತ್ತು ಹುಟ್ಟುವುದು ಎಂಜಿನುಗಳು ತಿರುಗಿಸುವ ಜನರೇಟರುಗಳಿಂದ. ಅವು ನಿಂತರೆ ಕೊನೆಗೆ ಉಳಿಯುವ ಆಸರೆ ಬ್ಯಾಟರಿ. 1969ರ ಜನವರಿ 18ರ ರಾತ್ರಿ ಲಾಸ್ ಏಂಜಲೀಸಿನಿಂದ ಹೊರಟ ಯುನೈಟೆಡ್ ಸಂಸ್ಥೆಯ ಬೋಯಿಂಗ್ 727 ವಿಮಾನದ ಮೂರು ಜನರೇಟರುಗಳಲ್ಲಿ ಒಂದು ಮೊದಲೇ ಕೆಟ್ಟಿದ್ದಿತು. ಒಂದು ಎಂಜಿನಿನಲ್ಲಿ ಬೆಂಕಿಯ ಎಚ್ಚರಿಕೆ ಕಂಡು ಅದನ್ನು ನಿಲ್ಲಿಸಲಾಗಿ ಎರಡನೆಯದೂ ಹೋಯಿತು. ಉಳಿದೊಂದು ಭಾರ ತಾಳದೆ ಕಳಚಿಕೊಂಡಿತು. ದಿಗಂತವಾವುದು, ಸಮುದ್ರವಾವುದು ಎಂದರಿಯದ ಕತ್ತಲಲ್ಲಿ ಮಾಪಕಗಳೂ ಕುರುಡಾಗಲು, ವಿಮಾನವು ಕಡಲಿಗೆ ಬಿದ್ದು 38 ಮಂದಿ ಮಡಿದರು. ಮುಖ್ಯ ವಿದ್ಯುತ್ತನ್ನು ನೆಚ್ಚದೆ, ಪ್ರತ್ಯೇಕ ಬ್ಯಾಟರಿಯಿಂದ ನಡೆಯುವ ಕೃತಕ ದಿಗಂತಮಾಪಕವೊಂದು ದೊಡ್ಡ ಜೆಟ್ ವಿಮಾನಗಳಲ್ಲಿ ಇರತಕ್ಕದ್ದೆಂಬ ನಿಯಮವು ಈ ದುರಂತದಿಂದ ಬಂದಿತು.

ನಮಗೆ ಹೆಚ್ಚು ಸಮೀಪವಾದುದು ಆವ್ರೋ 748ರ ಪ್ರಸಂಗ. ಕಾನ್ಪುರದಲ್ಲಿ ಕಟ್ಟಿದ ಮೊದಲ ಆವ್ರೋ 1961ರ ನವೆಂಬರ್ 1ರಂದು ಹಾರಿತು; 1964ರಲ್ಲಿ ಆ ನಿರ್ಮಾಣಶಾಲೆಯು ಬೆಂಗಳೂರನ್ನು ಕೇಂದ್ರವಾಗುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಲೀನವಾಯಿತು. ಬಜ್ಪೆಯ ಗುಡ್ಡದ ಮೇಲಣ ಹಳೆಯ ಗಿಡ್ಡ ರನ್‌ವೇಗೆ ಇಂಡಿಯನ್ ಏರ್‌ಲೈನ್ಸಿನವರು ಇಳಿಸುತ್ತಿದ್ದ ವಿಮಾನಗಳಲ್ಲಿ ಈ ಜಾತಿಯದೂ ಒಂದು. ಇದೇ ಜಾತಿಯ ವಿಮಾನವೊಂದು 1983ರ ಅಕ್ಟೋಬರ್ 11ರ ರಾತ್ರಿ 8 ಗಂಟೆ 20 ನಿಮಿಷಕ್ಕೆ ಅಮೆರಿಕದ ಇಲಿನಾಯ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಿಂದ ಕಾರ್ಬಂಡೇಲಿಗೆ ಹೊರಟಿತು. ನೆಲ ಬಿಟ್ಟು ಎರಡು ನಿಮಿಷವೂ ಕಳೆದಿರಲಿಲ್ಲ, ಎಡ ಜನರೇಟರು ಕೆಟ್ಟಿತು. ಸಹಚಾಲಕನು ಗಡಿಬಿಡಿಯಲ್ಲಿ ನೆಟ್ಟಗಿದ್ದ ಬಲ ಜನರೇಟರನ್ನೇ ಕಳಚಿಬಿಟ್ಟನು. ಮತ್ತೆ ಎಷ್ಟು ಯತ್ನಿಸಿದರೂ ಅದು ಕೂಡಿಕೊಳ್ಳಲಿಲ್ಲ. ಹೊರಟ ನಿಲ್ದಾಣವು ಬೆನ್ನ ಹಿಂದೆಯೇ ಇದ್ದಿತು. ಆದರೆ ಮುಖ್ಯಚಾಲಕನು ಅಲ್ಪ ವಿದ್ಯುತ್ ದೋಷವೆಂದು ನಿಯಂತ್ರಕರಿಗೆ ತಿಳಿಸಿ, ಸುಮಾರು ಮುಕ್ಕಾಲು ಗಂಟೆಯ ದಾರಿಯನ್ನು ಅರ್ಧ ಗಂಟೆ ಬಾಳುವ ಬ್ಯಾಟರಿಯ ಮೇಲೆ ಕ್ರಮಿಸಲು ನಿಶ್ಚಯಿಸಿದನು. ಪ್ರಯಾಣಿಕರ ಕೋಣೆಯ ದೀಪಗಳನ್ನು ಆರಿಸಲಾಯಿತು. ದೀಪಗಳೇಕೆ ಕಡಿಮೆಯಾದುವೆಂದು ಜನಕ್ಕೆ ಸಮಾಧಾನ ಹೇಳುವಂತೆ ಗಗನಸಖಿಗೆ ತಿಳಿಸಲಾಯಿತು. ಕಾಕ್‌ಪಿಟ್ಟಿನಲ್ಲಿ ಸಹಚಾಲಕನು ಬ್ಯಾಟರಿಯ ಇಳಿಯುತ್ತಿದ್ದ ವೋಲ್ಟೇಜನ್ನು ಓದಿ ಹೇಳುತ್ತಿದ್ದನು. 8 ಗಂಟೆ 53 ನಿಮಿಷಕ್ಕೆ ಪಿಂಕ್ನಿವಿಲ್ ಸಮೀಪ ವಿಮಾನವು ನೆಲಕ್ಕಪ್ಪಳಿಸಿತು. ಒಳಗಿದ್ದ 10 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆ ನಡೆಸಿದ ಮಂಡಲಿಯು ಮೂಲಕಾರಣವನ್ನು ಜನರೇಟರಿನ ಮೇಲೆ ಹೊರಿಸದೆ, ಹಿಂದಿರುಗದೆ ಮುಂದುವರಿದ ಮುಖ್ಯಚಾಲಕನ ನಿರ್ಣಯದ ಮೇಲೆ ಹೊರಿಸಿದುದು ಗಮನಾರ್ಹವಾಗಿದೆ.

ಒಡನೆ ಹಿಂದಿರುಗಿದರೆ ಉಳಿಯಬಹುದೆಂಬ ಸಿದ್ಧಾಂತಕ್ಕೆ ಅಪವಾದವಿಲ್ಲದಿಲ್ಲ. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111ನೆಯ ವಿಮಾನದಲ್ಲಿ ತಂತಿಯ ಕಿಡಿಯಿಂದ ಹೊತ್ತಿದ ಬೆಂಕಿಯು ಕಾಕ್‌ಪಿಟ್ಟಿನ ಮೇಲ್ಛಾವಣಿಯ ಮರೆಯಲ್ಲಿ ಹಬ್ಬಿ, ಹೊಗೆಯ ವಾಸನೆ ತಿಳಿದ ಸುಮಾರು 20 ನಿಮಿಷಗಳಲ್ಲಿ 229 ಮಂದಿಯನ್ನು ಬಲಿಗೊಂಡಿತು. ಸಿಬ್ಬಂದಿಯು ಒಡನೆಯೇ ಇಳಿಯಲೆಳಸಿದ್ದರೂ ನಿಲ್ದಾಣ ಮುಟ್ಟುವಷ್ಟು ಕಾಲಾವಕಾಶವಿರಲಿಲ್ಲವೆಂದು ಕೆನಡದ ವಿಚಾರಕರು ತೀರ್ಮಾನಿಸಿದರು. 2008ರ ಜನವರಿ 7ರಂದು ಬ್ಯಾಂಕಾಕಿಗೆ ಇಳಿಯುತ್ತಿದ್ದ ಕ್ವಾಂಟಾಸಿನ 747ರಲ್ಲಿ, ಅಡುಗೆ ಕಟ್ಟೆಯಿಂದ ಸೋರಿದ ನೀರು ಕೆಳಗಣ ಜನರೇಟರ್ ನಿಯಂತ್ರಕಗಳಿಗೆ ಹೊಕ್ಕು ನಾಲ್ಕರಲ್ಲಿ ಮೂರು ವಿದ್ಯುತ್ ಮಾರ್ಗಗಳು ಸತ್ತುವು. ನಿಲ್ದಾಣವು ಹತ್ತಿರವಿದ್ದು ಹಗಲೂ ಆಗಿದ್ದುದರಿಂದ 365 ಮಂದಿಯೂ ಸುಕ್ಷೇಮವಾಗಿ ಇಳಿದರು. ನಡುಗಡಲಿನ ಮೇಲೆ ಇದೇ ಆಗಿದ್ದರೆ ಫಲ ಬೇರೆಯಾಗುತ್ತಿದ್ದಿತು.

1983ರ ಪಾಠವನ್ನು ಸಿಬ್ಬಂದಿವರ್ಗವು ಎಷ್ಟರಮಟ್ಟಿಗೆ ಮೈಗೂಡಿಸಿಕೊಂಡಿತೆಂಬುದಕ್ಕೆ 2013ರ ಜನವರಿ 16 ಸಾಕ್ಷಿ. ಜಪಾನಿನಲ್ಲಿ ಹಾರುತ್ತಿದ್ದ ಬೋಯಿಂಗ್ 787ರ ಲಿಥಿಯಮ್ ಬ್ಯಾಟರಿ ಕಾದು ಹೊಗೆಯಾಡಲು, ಚಾಲಕರು ತಲಪಬೇಕಾದ ಟೋಕಿಯೋವನ್ನು ಬಿಟ್ಟು, ಟಕಮಟ್ಸುವಿನಲ್ಲಿ ವಿಮಾನವನ್ನಿಳಿಸಿ, ಜಾರುಬಂಡೆಗಳಿಂದ ಎಲ್ಲರನ್ನೂ ಹೊರಗೆ ಕಳುಹಿದರು. ಮರುದಿನ ಏರ್ ಇಂಡಿಯಾದ ಆರು 787ಗಳೂ ಹಾರದೆ ನೆಲದಲ್ಲೇ ನಿಂತವು.

ಈ ಪ್ರಸಂಗಗಳನ್ನು ಒಟ್ಟಿಗೆ ತೂಗಿ ನೋಡಿದಲ್ಲಿ, ಯಂತ್ರದ ದೋಷವನ್ನು ಯಂತ್ರದ ತಿದ್ದುಪಡಿಯಿಂದ ಕಡಿಮೆ ಮಾಡಬಹುದಾದರೂ, ವೇಳಾಪಟ್ಟಿಯ ಹಂಬಲವನ್ನು ತೊರೆದು ಹತ್ತಿರದ ನಿಲ್ದಾಣಕ್ಕೆ ತಿರುಗುವ ವಿವೇಕಕ್ಕೆ ಬೇರೊಂದು ಬದಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಸಾಂಬ್ರಾದಿಂದಲೋ ಹುಬ್ಬಳ್ಳಿಯಿಂದಲೋ ಚಿಕ್ಕ ವಿಮಾನವನ್ನೇರುವ ನಮ್ಮ ಸೀಮೆಯ ಪ್ರಯಾಣಿಕರು, ಹೊರಟ ವಿಮಾನವು ಸಣ್ಣ ದೋಷಕ್ಕಾಗಿ ಹಿಂದಿರುಗಿದಾಗ ಸಿಬ್ಬಂದಿಯನ್ನು ಹಳಿಯಬಾರದು. ಆ ಹಿಂದಿರುಗುವಿಕೆಯೇ ಅವರ ವಿದ್ಯೆಯ ಸಾರ.