ಗುದ್ದಲಿಗೂ ಒಂದು ಸಂಖ್ಯೆ: ಕೈ ಉಪಕರಣಗಳ ಸುಂಕ ವರ್ಗೀಕರಣ

ಗಡಿ ದಾಟುವ ಸರಕಿಗೆ ಸುಂಕ ಎಷ್ಟೆಂದು ಹೇಳಬೇಕಾದರೆ ಮೊದಲು ಅದು ಏನೆಂದು ಹೇಳಬೇಕು. ಕಬ್ಬಿಣದ ಅಲಗು, ಮರದ ಕಾವು ಇರುವ ಕೊಡಲಿ ಕಬ್ಬಿಣದ ಸಾಮಾನೋ, ಮರದ ಸಾಮಾನೋ, ಬೇಸಾಯದ ಸಲಕರಣೆಯೋ? ಇಂಥ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಡುತ್ತಿರುವವರೆಗೆ ಎರಡು ದೇಶಗಳ ವ್ಯಾಪಾರದ ಲೆಕ್ಕ ತಾಳೆಯಾಗುವಂತಿರಲಿಲ್ಲ.

ತಾಳೆ ಹಾಕುವ ಮೊದಲ ದೊಡ್ಡ ಯತ್ನ 1913ರ ಬ್ರಸೆಲ್ಸ್ ಒಪ್ಪಂದ. ಅದು ಲೋಕದ ಸರಕನ್ನೆಲ್ಲ ಐದು ಗುಂಪು, 186 ಬಾಬುಗಳಿಗೆ ಇಳಿಸಿತು. ಅಂಕಿಅಂಶಕ್ಕೆ ಅಷ್ಟು ಸಾಕು, ಸುಂಕ ಕಟ್ಟಿಸಿಕೊಳ್ಳಲು ಸಾಲದು. ಲೀಗ್ ಆಫ್ ನೇಷನ್ಸ್ ಆಶ್ರಯದಲ್ಲಿ 1931ರಲ್ಲಿ ಸಿದ್ಧವಾಗಿ 1937ರಲ್ಲಿ ಪರಿಷ್ಕೃತವಾದ ಜಿನೀವಾ ನಾಮಾವಳಿ ಹೆಚ್ಚು ವಿವರವಾಗಿತ್ತು. ಅದರ ಜಾಗಕ್ಕೆ ಬಂದದ್ದು 1950ರ ಒಪ್ಪಂದದಿಂದ ಹುಟ್ಟಿ 1959ರಲ್ಲಿ ಜಾರಿಯಾದ ಬ್ರಸೆಲ್ಸ್ ನಾಮಾವಳಿ. ಇಂದು ಚಾಲ್ತಿಯಲ್ಲಿರುವ ಹಾರ್ಮೊನೈಸ್ಡ್ ಸಿಸ್ಟಮ್, ಅಂದರೆ ಎಚ್‌ಎಸ್, 1983ರಲ್ಲಿ ಅಂಗೀಕಾರವಾಗಿ 1988ರ ಜನವರಿ 1ರಿಂದ ಜಾರಿಗೆ ಬಂತು. ಅದರ ಉಸ್ತುವಾರಿ ವಿಶ್ವ ಕಸ್ಟಮ್ಸ್ ಸಂಸ್ಥೆಯದು. ಸರಕಿನ ಸಂಖ್ಯೆಯ ಮೊದಲ ಆರು ಅಂಕಿಗಳು ಎಲ್ಲ ಸದಸ್ಯ ದೇಶಗಳಿಗೂ ಒಂದೇ. ಆಮೇಲಿನವು ಆಯಾ ದೇಶದ ಇಷ್ಟ.

ಎಚ್‌ಎಸ್‌ನ 15ನೇ ವಿಭಾಗ ಲೋಹಗಳದು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಹೀಗೆ ಲೋಹಕ್ಕೊಂದು ಅಧ್ಯಾಯದಂತೆ ಸಾಗುವ ಪಟ್ಟಿ 82ನೇ ಅಧ್ಯಾಯಕ್ಕೆ ಬಂದೊಡನೆ ದಾರಿ ಬದಲಿಸುತ್ತದೆ. ಇಲ್ಲಿ ಲೋಹ ಯಾವುದೆಂಬುದು ಹಿಂದೆ ಸರಿದು, ಕೆಲಸ ಯಾವುದೆಂಬುದು ಮುಂದೆ ಬರುತ್ತದೆ. 8201 ಎಂಬ ಶೀರ್ಷಿಕೆಯಲ್ಲಿ ಸಲಿಕೆ, ಗುದ್ದಲಿ, ಪಿಕಾಸಿ, ಕೊಡಲಿ, ಮಚ್ಚು, ಕುಡುಗೋಲು; 8202ರಲ್ಲಿ ಗರಗಸ; 8203ರಲ್ಲಿ ಅರ, ಇಕ್ಕಳ, ಚಿಮಟ; 8204ರಲ್ಲಿ ಸ್ಪಾನರ್. ಸುತ್ತಿಗೆ, ಉಳಿ, ಸ್ಕ್ರೂಡ್ರೈವರ್ ಮೊದಲ್ಗೊಂಡು ಬೇರೆಲ್ಲೂ ಜಾಗ ಸಿಗದವೆಲ್ಲ 8205ಕ್ಕೆ. ಹಳೆಯ ಬ್ರಸೆಲ್ಸ್ ಪಟ್ಟಿಯಲ್ಲಿ ಸ್ಪಾನರ್ ಕೂಡ ಇಕ್ಕಳ, ಅರಗಳ ಜೊತೆಗೇ ಇತ್ತು. ಅದಕ್ಕೆ ಸ್ವಂತ ಶೀರ್ಷಿಕೆ ದಕ್ಕಿದ್ದು ಎಚ್‌ಎಸ್‌ನಲ್ಲಿ.

ಅಧ್ಯಾಯದ ಕೀಲಿ ಇರುವುದು ಅದರ ಮೊದಲನೆಯ ಟಿಪ್ಪಣಿಯಲ್ಲಿ. ಕೆಲವು ಅಪವಾದ ಬಿಟ್ಟರೆ, ಉಪಕರಣದ ಅಲಗು, ಬಾಯಿ ಅಥವಾ ಕೆಲಸ ಮಾಡುವ ಭಾಗ ಸಾಮಾನ್ಯ ಲೋಹದ್ದೋ ಲೋಹದ ಕಾರ್ಬೈಡಿನದೋ ಆಗಿರಬೇಕು. ಲೋಹದ ಆಧಾರಕ್ಕೆ ಕೂರಿಸಿದ ವಜ್ರದಂಥ ಹರಳಾದರೂ ಸರಿ. ಹಿಡಿ ಯಾವುದರದಾದರೂ ಲೆಕ್ಕಕ್ಕಿಲ್ಲ. ಹಾಗಾಗಿ ಬಡಗಿಯ ಉಳಿ 82ನೇ ಅಧ್ಯಾಯಕ್ಕೆ ಸೇರಿದರೆ, ಅದರ ತಲೆಗೆ ಬಡಿಯುವ ಮರದ ಕೊಡತಿ 4417ಕ್ಕೆ, ಮರದ ಸಾಮಾನುಗಳ ಸಾಲಿಗೆ ಹೋಗುತ್ತದೆ. ಒಂದೇ ಚೀಲದಲ್ಲಿ ಬಂದ ಎರಡನ್ನು ಹೀಗೆ ಬೇರೆ ಮಾಡುವುದು ಬಡಗಿಗೆ ವಿಚಿತ್ರವೆನಿಸಬಹುದು. ಆದರೆ ನಿಯಮದಲ್ಲಿ ಗೊಂದಲವಿಲ್ಲ.

ಗೊಂದಲ ಏಳುವುದು ಅಂಚುಗಳಲ್ಲಿ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸಲಕರಣೆಯನ್ನೇ ನೋಡಬಹುದು. ಮಣೆಯ ತುದಿಗೆ ಹಲ್ಲಿನ ಅಲಗು ಕೂರಿಸಿದ ತುರಿಮಣೆ ಬರಿಯ ಕೈ ಉಪಕರಣ. ಮೇಜಿಗೆ ಬಿಗಿದು ಹಿಡಿಕೆ ತಿರುಗಿಸುವ ತುರಿಯಂತ್ರವಾದರೋ 8210ರ ಯಾಂತ್ರಿಕ ಸಾಧನ. ಆ ಶೀರ್ಷಿಕೆಗೆ ತೂಕ 10 ಕಿಲೋ ಮೀರಬಾರದೆಂಬ ಷರತ್ತೂ ಉಂಟು. ಸೆಟ್‌ಗಳ ತಕರಾರು ಇನ್ನೊಂದು ಬಗೆಯದು. ಇಕ್ಕಳ, ಸ್ಪಾನರ್, ಸ್ಕ್ರೂಡ್ರೈವರ್ ಒಟ್ಟಿಗೆ ಚಿಲ್ಲರೆ ಮಾರಾಟದ ಪೆಟ್ಟಿಗೆಯಲ್ಲಿ ಬಂದರೆ 8206; ಪೆಟ್ಟಿಗೆಯ ತುಂಬ ಸ್ಪಾನರೇ ಇದ್ದರೆ ಅದು 8204 ಬಿಟ್ಟು ಕದಲುವುದಿಲ್ಲ. ಮೋಟಾರು ಸೇರಿದರೆ ಅಧ್ಯಾಯವೇ ಬೇರೆ. ಕೈಯಲ್ಲಿ ಹಿಡಿಯುವ ವಿದ್ಯುತ್ ಉಪಕರಣಗಳು ಮೊದಲು 8508ರಲ್ಲಿದ್ದವು. 2002ರ ಪರಿಷ್ಕರಣೆ ಅವನ್ನು ಗಾಳಿಯೊತ್ತಡದ ಉಪಕರಣಗಳಿದ್ದ 8467ಕ್ಕೆ ಸೇರಿಸಿತು. ಡ್ರಿಲ್ಲಿಗೆ ಹಾಕುವ ಬಿಟ್ ಮಾತ್ರ, ಯಂತ್ರದ್ದಾದರೂ ಕೈಯದ್ದಾದರೂ, 8207ರಲ್ಲೇ ಉಳಿದಿದೆ.

ಪರಿಷ್ಕರಣೆಯೆಂದರೆ ಸೇರಿಸುವುದಷ್ಟೇ ಅಲ್ಲ, ಅಳಿಸುವುದೂ ಹೌದು. ಕಮ್ಮಾರನ ಅಡಿಗಲ್ಲಿಗೆ, ಸಾಗಿಸಬಲ್ಲ ಕುಲುಮೆಗೆ 8205.80 ಎಂಬ ಸ್ವಂತ ಸಾಲಿತ್ತು. 2012ರಲ್ಲಿ ಅದು ಹೋಗಿ, ಅವು 'ಇತರೆ' ಎಂಬ 8205.90ರಲ್ಲಿ ಕರಗಿದವು.

ಭಾರತದ 1975ರ ಕಸ್ಟಮ್ಸ್ ಸುಂಕ ಕಾಯ್ದೆ ಬ್ರಸೆಲ್ಸ್ ನಾಮಾವಳಿಯನ್ನು ಆಧರಿಸಿತ್ತು. 1986ರಲ್ಲಿ, ಎಚ್‌ಎಸ್ ಅಂತರರಾಷ್ಟ್ರೀಯವಾಗಿ ಜಾರಿಯಾಗುವ ಮುನ್ನವೇ, ಸುಂಕಪಟ್ಟಿ ಅದರ ಅಚ್ಚಿಗೆ ಬಂತು. 2003ರಲ್ಲಿ ಎಂಟು ಅಂಕಿಗಳಾದವು. ಹೆಚ್ಚುವರಿ ಅಂಕಿಗಳಿಂದಾಗಿ ಅಕ್ಕಸಾಲಿಗರ, ಗಡಿಯಾರ ರಿಪೇರಿಯವರ ಉಪಕರಣಗಳಿಗೆ 8205 59 30 ಎಂಬ ಸಾಲು ಸಿಕ್ಕಿದೆ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಈ ಸಂಖ್ಯೆಗಳು ಬಂದರು ಬಿಟ್ಟು ಊರಿನ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಗೂ ಇಳಿದವು. ಆಗ 8201ರ ಬೇಸಾಯದ ಕೈ ಉಪಕರಣಗಳಿಗೆ ತೆರಿಗೆ ಇರಲಿಲ್ಲ, 8205ರವಕ್ಕೆ ಶೇ. 18 ಬಿತ್ತು. ಗುದ್ದಲಿ ಯಾವ ಸಾಲಿನದೆಂದು ಕೇಳಬೇಕಾಗಿಲ್ಲ. ಆದರೆ ತೆಂಗಿನ ಸಸಿಗೆ ಗುಂಡಿ ತೋಡುವಾಗ ಅದರ ಜೊತೆಗೇ ಬೇಕಾಗುವ ಹಾರೆಯ ಹೆಸರು 8201ರ ಪಟ್ಟಿಯಲ್ಲಿ ಇಲ್ಲ. ಅಮೆರಿಕದ ಸುಂಕಪಟ್ಟಿಯಂತೂ ಹಾರೆಯನ್ನು ಹೆಸರಿಸಿಯೇ 8205ರಲ್ಲಿ ಇಟ್ಟಿದೆ.