ಪಟ್ಟೆದಾರನ ಕಾಲಂ

ಮಡಿಕೇರಿ ಕೋಟೆಯ ಹೊರಗೆ ಮೇಜು ಹಾಕಿಕೊಂಡು ಮೂವತ್ತು ವರ್ಷ ಅರ್ಜಿ ಬರೆದವನು ನಾನು. ಆಗ ಜಿಲ್ಲಾಧಿಕಾರಿ ಕಚೇರಿ ಕೋಟೆಯೊಳಗಿನ ಅರಮನೆಯಲ್ಲೇ ಇತ್ತು. ಮಳೆಗಾಲದಲ್ಲಿ ಛಾಪಾ ಕಾಗದ ಹಪ್ಪಳದಂತೆ ಮೆತ್ತಗಾಗುತ್ತಿತ್ತು. ಅದನ್ನು ಟ್ರಂಕಿನಲ್ಲಿಟ್ಟು ಟೈಪ್‌ರೈಟರಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದೆ.

ಮೊನ್ನೆ ತಂಗಿಯ ಮಗ ಫೋನು ತೋರಿಸಿ, "ಮಾವ, ಇನ್ನು ನಿಮ್ಮ ಹತ್ತಿರ ಯಾರೂ ಬರಬೇಕೂಂತ ಇಲ್ಲ. ಬಾಯಲ್ಲಿ ಹೇಳಿದ್ರೆ ಸಾಕು, ಎಐ ಅರ್ಜಿ ಬರೀತದೆ. ನಡುವಿನವರೇ ಬೇಡ" ಅಂದ. ನನಗೆ ನಗು ಬಂತು. ಇದೇ ಮಾತನ್ನು 2001ರಲ್ಲಿ 'ಭೂಮಿ' ಯೋಜನೆ ಬಂದಾಗಲೂ ಕೇಳಿದ್ದೆ.

ಅದಕ್ಕೂ ಮೊದಲಿನ ಕಥೆ ಉಂಟು. 1811ರಿಂದ 1820ರವರೆಗೆ ಕೊಡಗನ್ನು ಆಳಿದ ಲಿಂಗರಾಜ ಜಮೀನು ಅಳೆಸಿ 'ಶಿಸ್ತು' ಎಂಬ ಲೆಕ್ಕ ಬರೆಸಿದ. ಅಧಿಕಾರಿಗಳು ಹೇಗೆ ನಡೆಯಬೇಕೆಂದು ಹುಕುಂನಾಮೆಯನ್ನೂ ಹೊರಡಿಸಿದ. ಗದ್ದೆಯ ಅಳತೆ ಭಟ್ಟಿಯಲ್ಲಿ. 1834ರಲ್ಲಿ ರಾಜ್ಯ ಇಂಗ್ಲಿಷರ ಪಾಲಾದ ಮೇಲೂ ಈ ವ್ಯವಸ್ಥೆಯ ಬುಡ ಅಲುಗಲಿಲ್ಲ. ಸಾಗು ಜಮೀನಿಗೆ ನೂರು ಭಟ್ಟಿಗೆ 10 ರೂಪಾಯಿ ಕಂದಾಯವಾದರೆ ಜಮ್ಮಾಕ್ಕೆ 5. ರಾಜನಿಗೆ ದಂಡಿನ ಚಾಕರಿ ಮಾಡಿದ ಮನೆತನಗಳ ಜಮೀನು ಅದು. ಜಮ್ಮಾದವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದೂ ಇದೇ ನಂಟಿನಿಂದ.

ಜಮ್ಮಾ ಒಬ್ಬನದಲ್ಲ, ಒಕ್ಕದ್ದು, ಅಂದರೆ ಇಡೀ ಮನೆತನದ್ದು. ದಾಖಲೆಯಲ್ಲಿ ಪಟ್ಟೆದಾರನ ಹೆಸರಿರುತ್ತದೆ, ಅಂದರೆ ಮನೆಯ ಹಿರಿಯನದು. ಹಕ್ಕು ಮಾತ್ರ ಎಲ್ಲರದು. ಗದ್ದೆಗೆ ಅಂಟಿಕೊಂಡು ಬಾಣೆ, ಅಂದರೆ ಮರಗಿಡಗಳ ಗುಡ್ಡದ ಜಾಗ. ಸೊಪ್ಪು, ಸೌದೆ, ದನದ ಮೇವು ಎಲ್ಲ ಅಲ್ಲಿಂದಲೇ. ಗದ್ದೆ ಬಿಟ್ಟರೆ ಬಾಣೆಗೆ ಅರ್ಥವಿಲ್ಲ, ಬಾಣೆ ಬಿಟ್ಟರೆ ಗದ್ದೆಗೆ ಗೊಬ್ಬರವಿಲ್ಲ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಇದನ್ನೆಲ್ಲ ಕಾನೂನಿನ ಮಾತಿನಲ್ಲಿ ಹಿಡಿಯಲು ನೋಡಿತು.

ಇಂಥ ನೆಲಕ್ಕೆ 'ಭೂಮಿ'ಯ ಹೆಸರಿನಲ್ಲಿ ಬಂತು ಕಂಪ್ಯೂಟರ್. ರಾಜ್ಯದ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಯಂತ್ರದೊಳಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಇಲ್ಲ. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ಶಾನುಭೋಗರ ಬಾಗಿಲು ಕಾಯಬೇಡ, ಲಂಚ ಕೊಡಬೇಡ. ಇದು ಸುಳ್ಳಲ್ಲ, ಪ್ರಿಂಟಿಗಾಗಿ ತಿಂಗಳು ಅಲೆಯುವುದು ನಿಂತದ್ದನ್ನು ನಾನೇ ಕಂಡಿದ್ದೇನೆ. ವಿಶ್ವಬ್ಯಾಂಕಿನವರೂ ಹೊಗಳಿದರು.

ಆದರೆ ಪ್ರಿಂಟಿನಲ್ಲಿ ಬಂದ ಪಟ್ಟೆದಾರ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತಿತ್ತು. ಸಾಲ ಕೇಳಿದರೆ ಬ್ಯಾಂಕಿನವರು 'ಇವರನ್ನು ಕರೆತನ್ನಿ' ಅನ್ನುವರು. ಮೊದಲಾದರೆ ಶಾನುಭೋಗರಿಗೆ ಗೊತ್ತಿರುತ್ತಿತ್ತು: ಈ ಹೆಸರೆಂದರೆ ಇಂಥ ಐನ್‌ಮನೆ, ಈಗ ನೋಡಿಕೊಳ್ಳುವವರು ಇಂಥವರು ಎಂದು. ಆ ಗೊತ್ತುಪಾಡಿಗೆ ಯಂತ್ರದಲ್ಲಿ ಕಾಲಂ ಇರಲಿಲ್ಲ. (ಆ ಗೊತ್ತುಪಾಡಿನಲ್ಲೇ ಲಂಚವೂ ಅಡಗಿತ್ತು, ಒಪ್ಪುತ್ತೇನೆ.) ಜನ ಪೌತಿ ಖಾತೆಗೆ, ವಂಶವೃಕ್ಷಕ್ಕೆ, ಹೆಸರಿನ ತಿದ್ದುಪಡಿಗೆ ಅರ್ಜಿ ಹಿಡಿದು ಹೊರಟರು. ಬರೆದುಕೊಟ್ಟವನು ಯಾರು? ನಾನೇ. ನಡುವಿನವರಿಲ್ಲದ ಕಾಲ ಬಂದ ಮೇಲೆ ನನ್ನ ಮಗಳ ಮದುವೆ ಆಯಿತು, ಮನೆಗೆ ಹೆಂಚು ತೆಗೆದು ತಾರಸಿ ಬಂತು.

ಬೆಂಗಳೂರಿನ ಕಡೆ ಆದದ್ದು ಇನ್ನೊಂದು ಬಗೆ. ದಾಖಲೆಗಳು ಒಂದೇ ಕಡೆ ಸೇರಿದ್ದು ದೊಡ್ಡ ಮಟ್ಟದಲ್ಲಿ ಜಮೀನು ಹಿಡಿಯುವವರಿಗೇ ಹೆಚ್ಚು ಅನುಕೂಲವಾಯಿತೆಂದು ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಇನ್ನು ಶಾನುಭೋಗರ ಕುರ್ಚಿಯಲ್ಲಿ ಕೂತವರ ಪಾಡು ನೋಡಿ: ಈಗ ಅವರು ಗ್ರಾಮ ಆಡಳಿತ ಅಧಿಕಾರಿಗಳು. ಯಂತ್ರದಿಂದ ಕೆಲಸ ಹಗುರಾಗಬೇಕಿದ್ದ ಅವರೇ 2024ರಲ್ಲಿ ರಾಜ್ಯಾದ್ಯಂತ ಮುಷ್ಕರ ಕೂತರು. ಕಾರಣಗಳಲ್ಲಿ ಒಂದು, ಮೊಬೈಲ್ ಆ್ಯಪ್‌ಗಳ ಹೊರೆ!

ಹುಡುಗನಿಗೆ ಇಷ್ಟು ಹೇಳಿದರೆ ಒಪ್ಪಬೇಕಲ್ಲ. "ಅದು ಹಳೇ ಕಂಪ್ಯೂಟರ್ ಮಾವ, ತುಂಬಿದ್ದನ್ನು ಮಾತ್ರ ಕೊಡ್ತಿತ್ತು. ಇದಕ್ಕೆ ಬುದ್ಧಿ ಉಂಟು" ಅಂದ. ಸರಿ, ಬರೆಸು ಎಂದೆ. ನೆರೆಮನೆ ಅಕ್ಕನ ಬಾಣೆಯ ವಿಷಯ ಹೇಳಿದೆವು. ಅರೆ ನಿಮಿಷದಲ್ಲಿ ಅರ್ಜಿ ಸಿದ್ಧ. 'ಮಾನ್ಯರೇ' ಇಂದ 'ತಮ್ಮ ವಿಶ್ವಾಸಿ' ತನಕ ಒಂದು ತಪ್ಪಿಲ್ಲ, ನನ್ನ ಭಾಷೆಗಿಂತ ಚೆಂದ. ನಡುವೆ ಒಂದು ಸಾಲು: ಸದರಿ ಪಾಳು ಭೂಮಿಯು ಅರ್ಜಿದಾರರ ಸ್ವಂತದ್ದಾಗಿರುತ್ತದೆ.

ಎರಡು ತಲೆಮಾರು ಕಾಫಿ ಬೆಳೆದ ಬಾಣೆ ಅದು, ಪಾಳು ಎಲ್ಲಿಂದ ಬಂತು? ಒಕ್ಕದ ಹನ್ನೊಂದು ಮಂದಿಯದು, ಸ್ವಂತ ಹೇಗಾಯಿತು? ಈ ಕಾಗದಕ್ಕೆ ಅಕ್ಕ ಸಹಿ ಹಾಕಿದ್ದರೆ ಮೈದುನಂದಿರು ಮರುದಿನವೇ ವಕೀಲರ ಮನೆಯಲ್ಲಿ ಇರುತ್ತಿದ್ದರು.

ಹುಡುಗ ಬೆರಳಾಡಿಸಿ ತಿದ್ದಿಸಿದ. ಫೋನು ಕ್ಷಮೆ ಕೇಳಿತು. ಈ ಸಲ 'ಪಾಳು' ಹೋಗಿ 'ಖಾಲಿ ನಿವೇಶನ' ಬಂತು. ಅಕ್ಕ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಾ, "ಅಣ್ಣಾ, ಕರೆಂಟು ಹೋಗುವ ಮೊದಲು ನೀವೇ ಕೈಯಲ್ಲಿ ಬರೆದುಕೊಡಿ" ಅಂದರು. ಟ್ರಂಕು ತೆಗೆದೆ.